ಏಳನೆಯ ಬಿಲ್ಲೆ

ಮೂಡಬಿದಿರೆಯ ಚರಿತ್ರೆ ಬರೆಯುವವರು ಇವತ್ತಿನ ಬೆಳಗನ್ನು ಬಿಡಬಾರದು, ಲ್ಯಾಬಿನ ಸಿಂಕಿನಲ್ಲಿ ಸೋಪಿನ ನೊರೆ ಚಹಾದ ಬಣ್ಣಕ್ಕೆ ತಿರುಗಿದೆ — ಇಲ್ಲಿ ಚಹಾ ಕುಡಿಯುವ ಹಾಗಿಲ್ಲ, ಗೋಡೆಯ ಮೇಲೇ ಬರೆದಿದೆ, ಬರೆದವಳು ನಾನೇ — ಆಮೇಲೆ ಅಟೆಂಡರ್ ಡೊಂಬಯ್ಯಣ್ಣನ ಕೈಯ ತೆಂಗಿನ ನಾರು ಕಾಣುತ್ತದೆ, ಕಟ್ಟೆಯ ಮೇಲಿನ ಬಿಳಿ ಸಾಸರು ಕಾಣುತ್ತದೆ, ಸಾಸರಿನಲ್ಲಿ ಅಂಗಿಯ ಗುಂಡಿಯಷ್ಟಗಲದ ಏಳು ಬಿಲ್ಲೆಗಳು, ನಿನ್ನೆ ಸಂಜೆ ಏಳೂ ಕಂದು, ಈಗ ಆರು ಬಿಳಿ. ಕಲೆ ಹಿಡಿದಿತ್ತು ಮೇಡಂ, ನಾಳೆ ಮಂಗಳೂರಿನಿಂದ ಯಾರೋ ಬರ್ತಾರಂತಲ್ಲ, ಚಂದ ಕಾಣಲಿ ಅಂತ ತಿಕ್ಕಿದೆ. ಯಾರೋ ಅಲ್ಲ ಡೊಂಬಯ್ಯಣ್ಣ, ಬರುವುದು ಎಲುಬಿನ ಜೀವಕೋಶಗಳು, ಐಸ್ ಪೆಟ್ಟಿಗೆಯಲ್ಲಿ, ಬಂದು ಕೂರಲು ಅವಕ್ಕೆ ಜಾಗ ಬೇಕು, ಮುರಿದ ಎಲುಬಿನ ಸಂದಿಗೆ ಇಡುವ ಈ ಜೇನುಗೂಡಿನಂಥ ಬಿಲ್ಲೆ ಪ್ಲಾಸ್ಟಿಕ್ಕಿಗೆ ಎಲುಬಿನ ಖನಿಜದ ಪುಡಿ ಬೆರೆಸಿ ಮಾಡಿದ್ದು, ಬರಿಮೈಯಾದರೆ ಕೋಶ ಜಾರಿಹೋಗುತ್ತದೆ, ಅದಕ್ಕೇ ಕಂದು ಲೇಪ, ಕಡಲ ಬಂಡೆಗೆ ಪಚ್ಚಿಲೆ ಚಿಪ್ಪು ಕಚ್ಚಿಕೊಳ್ಳುವ ಅಂಟಿನ ಜಾತಿಯದು, ನನ್ನ ಎರಡು ವರ್ಷ, ಡೊಂಬಯ್ಯಣ್ಣನಿಗೆ ಕಲೆ. ಬೈಯಬೇಕು, ಬೈಗುಳ ತುಳುವಿನಲ್ಲೇ ಬರುತ್ತದೆ, ನುಂಗುತ್ತೇನೆ — ನಾರಿಗೇ ಎದ್ದುಹೋಗುವ ಲೇಪ ಮನುಷ್ಯನ ಮೈಯೊಳಗೆ ಎಷ್ಟು ದಿನ ನಿಂತೀತು, ಪಿಎಚ್‌ಡಿ ಗೈಡ್ ಕಾಂತಿ ಮೇಡಂ ಹೇಳಿದ್ದೂ ಅದನ್ನೇ, ಲೇಪ ಏಳ್ತಾ ಉಂಟು ದೀಕ್ಷಿತಾ, ಈ ಸಲವೂ ನಿಲ್ಲದಿದ್ರೆ ವಿಷಯ ಬದಲಿಸುವ, ಬದಲಿಸುವ ಎಂದರೆ ಮತ್ತೆ ಮೊದಲಿನಿಂದ, ಇಲ್ಲ, ಬದಲಿಸುವುದಿಲ್ಲ, ಏಳನೆಯದು ಇನ್ನೂ ಕಂದು. ಅದೊಂದು ಹೋಗೂದಿಲ್ಲ ಮೇಡಂ, ಮೂರು ಸಲ ತಿಕ್ಕಿದೆ, ಡೊಂಬಯ್ಯಣ್ಣನ ಮುಖದಲ್ಲಿ ಸೋತವರ ನಾಚಿಕೆ — ಏಳನೆಯದು, ತಾಳು, ಏಳನೆಯದು ಅಮ್ಮನದು, ಹೋದ ಭಾನುವಾರ ವಾಮದಪದವಿನ ಮನೆಯಲ್ಲಿ ಹೊಸ ಕಬ್ಬಿಣದ ಕಾವಲಿಯನ್ನು ಇಟ್ಟಿಗೆ ಚೂರಿನಿಂದ ಕರಕರ ಉಜ್ಜುತ್ತ ಕೂತಿದ್ದಳು, ಹೊಸತನ್ನು ಯಾಕಮ್ಮ ಹಾಳು ಮಾಡ್ತೀ, ಮೈ ನುಣುಪಿದ್ರೆ ಎಣ್ಣೆ ಎಲ್ಲಿ ಹಿಡೀತದೆ ಮಗಾ, ನಿನ್ನ ಕಾಲೇಜಿನಲ್ಲಿ ಇದೆಲ್ಲ ಹೇಳಿಕೊಡೂದಿಲ್ಲವಾ, ಹೇಳಿಕೊಡ್ತಾರೆ ಮಾತೃಶ್ರೀ ಪೂವಮ್ಮನವರೇ, ಇಂಗ್ಲಿಷಿನಲ್ಲಿ, ಹಾಗಾಗಿ ತಲೆಗೆ ಹತ್ತಿರಲಿಲ್ಲ, ಲ್ಯಾಬಿಗೆ ಬಂದವಳೇ ಒಂದನ್ನು, ಒಂದನ್ನು ಮಾತ್ರ, ಕಾಸ್ಟಿಕ್ ಸೋಡಾದಲ್ಲಿ ಇಡೀ ದಿನ ನೆನೆಸಿ, ಮೈ ಒರಟಾದ ಮೇಲೆ ಲೇಪಕ್ಕೆ ಅದ್ದಿದ್ದೆ. ಡೊಂಬಯ್ಯಣ್ಣ, ಇದನ್ನು ಇನ್ನೊಮ್ಮೆ ತಿಕ್ಕಿ. ತಿಕ್ಕಿದ್ದಕ್ಕೆ ಮುಖ ಊದಿಸಿದ್ರಿ, ಈಗ ತಿಕ್ಕಿ ಅಂತೀರಿ, ಎಂತ ಮಾರಾಯ್ರೆ. ಜೋರು ತಿಕ್ಕಿ, ಮನೆಯ ಮಸಿ ಹಿಡಿದ ಪಾತ್ರೆ ಅಂತ ಗ್ರಹಿಸಿ. ನಮ್ಮಲ್ಲಿ ಪಾತ್ರೆ ತಿಕ್ಕೂದು ಹೆಂಡತಿ ಮೇಡಂ. ಹಾಗಾದರೆ ಇವತ್ತು ಕಲಿಯುವ — ಇಪ್ಪತ್ತು, ನಲವತ್ತು, ನಾರಿನ ಎಳೆ ಕಿತ್ತು ಬರುತ್ತದೆ, ನೊರೆ ಬಿಳಿ, ಇನ್ನೂ ಬಿಳಿ, ಬರುವ ಕೋಶಗಳೂ ಹೀಗೆಯೇ ಕಚ್ಚಿಕೊಳ್ಳಲಿ, ನೂರು, ಸಾಕು, ನೀರು ಬಿಡಿ, ನೊರೆ ಜಾರುತ್ತದೆ, ಬಿಳಿ ಸಾಸರು, ಆರು ಬಿಳಿ, ಒಂದು ಕಂದು, ಬಿಳಿ ಸಾಸರಿನಲ್ಲಿ ಒಂದು ಕಂದು — ಕಂದು ಹೋಗಲಿಲ್ಲ.