ಸೆರಗಿನ ಮೇಲಿನ ನಾಲ್ಕು ಬೆರಳು

ಬಾಣ ನಿಂತುಬಿಟ್ಟಿದೆ, ಫೋಟೋದ ಮೂರನೆಯ ಬೆರಳಿನ ಗೆಣ್ಣಿನ ಮೇಲೆ, ಮೌಸನ್ನು ಎಡಕ್ಕೆ ಎಳೆದರೂ ಬಲಕ್ಕೆ ಎಳೆದರೂ ಕದಲುವುದಿಲ್ಲ, ಎತ್ತಿ ಕುಕ್ಕಿದರೂ ಇಲ್ಲ, ಶೈಲಜಾ ಕ್ಯಾಪ್ಸ್ ಲಾಕ್ ಒತ್ತುತ್ತಾಳೆ, ಕೀಬೋರ್ಡಿನ ಮೂಲೆಯ ಹಸಿರು ದೀಪ ಹತ್ತುವುದಿಲ್ಲ, ಅದು ಹತ್ತಲಿಲ್ಲವೆಂದರೆ ಮುಗಿಯಿತು, ಕಂಪ್ಯೂಟರ್ ಮತ್ತೆ ಹ್ಯಾಂಗ್ ಆಗಿದೆ, ಒಳಗೆ ಫ್ಯಾನ್ ಮಾತ್ರ ಏನೂ ಆಗದ ಹಾಗೆ ಗುಂಯ್ ಎಂದು ತಿರುಗುತ್ತಿದೆ — ಎರಡು ಬೆರಳು ಅಳಿಸಿಯಾಗಿತ್ತು, ತೋರುಬೆರಳು, ನಡುಬೆರಳು, ಪಕ್ಕದ ಸೆರಗಿನ ಬಟ್ಟೆಯನ್ನೇ ಚೂರುಚೂರು ಎತ್ತಿ ಅವುಗಳ ಮೇಲೆ ಹಚ್ಚಿ, ಹೊಲಿಗೆ ಕಾಣದ ಹಾಗೆ ತೇಪೆ ಹಾಕಿದಂತೆ, ಒಂದೊಂದು ಬೆರಳಿಗೂ ಸೇವ್ ಮಾಡೋಣವೆಂದರೆ ಸೇವ್ ಕೊಟ್ಟ ಕ್ಷಣಕ್ಕೇ ನಿಲ್ಲುತ್ತದೆ, ರೀಸೆಟ್ ಒತ್ತಿದರೆ ಮಾಡಿದ್ದೆಲ್ಲ ಹೋಗುತ್ತದೆ, ಒತ್ತಿದಳು, ಹೋಯಿತು, ಮತ್ತೆ ಫೋಟೋ ತೆರೆದರೆ ಅಕ್ಕ ಮೇಲಿನಿಂದ ಕೆಳಗೆ ತುಸು ತುಸುವೇ ಇಳಿದು ಬರುತ್ತಾಳೆ, ಬೈತಲೆ, ಹಣೆ, ವಿಭೂತಿಯ ಕೆಳಗಿನ ಕುಂಕುಮ, ನೆಟ್ಟಗೆ ನೋಡುವ ಕಣ್ಣು, ತುಟಿ, ಕೊರಳು, ಬಲದೋಳಿನ ಮೇಲೆ ಹೊದ್ದ ಇಳಕಲ್ ಸೆರಗು, ಸೆರಗಿನ ಮೇಲೆ ನಾಲ್ಕು ಬೆರಳು, ಅಳಿಸಿದ ಎರಡೂ ತಮ್ಮ ಜಾಗಕ್ಕೆ ಬಂದು ಕೂತಿವೆ. ಆತೇನ ಶೈಲಾ, ಅಡುಗೆಮನೆಯಿಂದ ಅವ್ವ, ಅವ್ರು ಸವದತ್ತಿ ಬಿಟ್ಟಾರಂತ, ಬರೂದ್ರಾಗ ಮುಗಸವಾ, ಸಿದ್ಧಾರೂಢಗ ತೋರಿಸಿ ಕಟ್ಟಿಗಿ ಚೌಕಟ್ಟ ಹಾಕಸೂನು. ಶಿವಲೀಲಕ್ಕ ಹೋಗಿ ವರ್ಷ ತುಂಬುತ್ತಿದೆ, ವರ್ಷದ ದಿನ ಪೂಜೆಗಿಡಲು ಫೋಟೋ ಬೇಕು, ಮದುವೆಯ ಫೋಟೋಗಳಲ್ಲೆಲ್ಲ ಅವಳ ತಲೆ ಬಗ್ಗಿದೆ, ಕಣ್ಣೆತ್ತಿ ನೋಡಿದ್ದು ಇದೊಂದರಲ್ಲೇ, ನವಿಲುತೀರ್ಥದ ತೋಟದಲ್ಲಿ ತೆಗೆಸಿದ್ದು, ಆದರೆ ಪಕ್ಕದಲ್ಲಿ ಅವಳ ಗಂಡ, ಸಿದ್ಧಾರೂಢ ಮಾವ, ನಿಂತಿದ್ದಾನೆ, ಬದುಕಿದ್ದವರನ್ನ ಸತ್ತವರ ಜೋಡಿ ಗ್ವಾಡಿಗೆ ತೂಗಹಾಕಬಾರದವಾ, ಆತನ್ನ ತಗದ ಬಿಡು ಎಂದಳು ಅವ್ವ. ತೆಗೆದಳು. ಮುಖ ಹೋಯಿತು, ಮೀಸೆ ಹೋಯಿತು, ಬಿಳಿ ಅಂಗಿ ಹೋಯಿತು, ಅವನಿದ್ದಲ್ಲಿ ಈಗ ಅಣೆಕಟ್ಟಿನ ಬದಿಯ ಹಸಿರು ಗಿಡಗಳಿವೆ. ಕೈ ಮಾತ್ರ ಉಳಿದಿದೆ.

ಬರುವವರು ಫೋಟೋ ನೋಡಲಿಕ್ಕೆ ಬರುತ್ತಿಲ್ಲ. ತಂಗಿಯನ್ನು ಕೇಳಲು ಬರುತ್ತಿದ್ದಾರೆ. ಅಕ್ಕನ ಜಾಗಕ್ಕೆ ತಂಗಿ, ಕೂಸಿಗೆ ಬೇರೆ ಯಾರೋ ಬಂದು ಮಲತಾಯಿ ಆಗುವುದಕ್ಕಿಂತ ಚಿಗವ್ವನೇ ಅವ್ವ ಆಗುವುದು ಮೇಲು, ಊರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಅಪ್ಪ ಅಂದಾನೆಪ್ಪ ಪೇಟೆಯ ಅಡತಿ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೂಂ ಎಂದು ಬಂದಿದ್ದಾನೆ, ಅವ್ವ ಡಬ್ಬಿಯಿಂದ ಸಕ್ಕರೆ ತೆಗೆದು ಬೆಳ್ಳಿ ಬಟ್ಟಲಿಗೆ ಸುರಿದ ಸದ್ದು ಆಗಲೇ ಕೇಳಿಸಿತು, ಬಾಯಿಗೆ ಸಕ್ಕರೆ ಬಿತ್ತೆಂದರೆ ಮಾತು ಮುಗಿದಂತೆ, ಆಮೇಲೆ ಉಗುಳುವುದಕ್ಕೆ ಬರುವುದಿಲ್ಲ — ಕೂಸಿನ ಮಾರಿ ನೋಡಿ ಹೂಂ ಅನ್ನವಾ, ನಾ ಏನ ಒತ್ತಾಯ ಮಾಡಂಗಿಲ್ಲ ಎಂದಿದ್ದಳು ಅವ್ವ. ಶೈಲಜಾಳೂ ಮನಸ್ಸಿನಲ್ಲಿ ಹೂಂ ಅಂದುಕೊಂಡಿದ್ದಳು, ಮುಚ್ಚಿಡುವುದೇಕೆ, ಮೊನ್ನೆಯವರೆಗೆ ಅಂದುಕೊಂಡಿದ್ದಳು, ಅಕ್ಕನ ಕೂಸು ಐಶ್ವರ್ಯಾ ಇಲ್ಲಿಗೆ ಬಂದಾಗಲೆಲ್ಲ ಇವಳ ಕಿವಿಯ ಹಾಲೆ ಹಿಡಿದುಕೊಂಡೇ ಮಲಗುತ್ತದೆ, ಅಕ್ಕನ ಕಿವಿಯನ್ನೂ ಹಾಗೇ ಹಿಡಿಯುತ್ತಿತ್ತು. ಮೊನ್ನೆಯವರೆಗೆ ಎಲ್ಲ ಸರಿಯಿತ್ತು, ಕಂಪ್ಯೂಟರಿನಲ್ಲಿ ಮೆಮರಿಯ ಹಳೆಯ ಪಟ್ಟಿ, ರ್‍ಯಾಮ್ ಒಂದೇ ಇತ್ತು, ನಿಧಾನ, ಫೋಟೋ ತೆರೆಯಲು ಕೊಟ್ಟು ಹೋಗಿ ಚಹಾ ಸೋಸಿಕೊಂಡು ಬರಬಹುದು, ಅವಳು ಟೈಪು ಮಾಡಿಕೊಡುವ ರಾಮದುರ್ಗದ ಮದುವೆ ಕಾರ್ಡು, ಸಂಪಗಾಂವದ ಸಹಕಾರಿ ಸಂಘದ ವರದಿ, ಅಂಥವಕ್ಕೆ ಅಷ್ಟು ಸಾಕಿತ್ತು, ಈ ಫೋಟೋಕ್ಕೆ ಸಾಲಲಿಲ್ಲ, ಹಿಗ್ಗಿಸಿ ನೋಡಿದರೆ ಏದುಸಿರು ಬಿಡುತ್ತಿತ್ತು, ಅದಕ್ಕೇ ಕಿತ್ತೂರಿನ ಕಂಪ್ಯೂಟರ್ ಅಂಗಡಿಯ ನಿಂಗರಾಜನಿಗೆ ಹೇಳಿ ಇನ್ನೊಂದು ರ್‍ಯಾಮ್ ತರಿಸಿದಳು, ಕಂಪ್ಯೂಟರಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿ ಹಳೆಯದರ ಪಕ್ಕದ ಸಂದಿಗೆ ಒತ್ತಿ ಕೂರಿಸಿದಳು, ಟಿಕ್ ಎಂದಿತು, ಶುರುವಿನಲ್ಲಿ ಪರದೆಯ ಮೇಲೆ ದೊಡ್ಡ ಅಂಕಿ ಕಂಡಿತು, ಹಿಗ್ಗಿದಳು, ಆಮೇಲೆ ಈ ನಿಲ್ಲುವ ರೋಗ.

ಏಕೆ ನಿಲ್ಲುತ್ತದೆ, ಒಂದೊಂದನ್ನೇ ತೆಗೆದು ನೋಡಬೇಕು, ಅಂದಾಜಿನ ಮೇಲೆ ಯಾರನ್ನೂ ದೂರಬಾರದು. ಕರೆಂಟು ತೆಗೆದಳು, ಹೊಸದನ್ನು ಕಿತ್ತು ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಊದಿ ಮತ್ತೆ ಕೂರಿಸಿದಳು, ನಿಂತಿತು. ಸಂದಿ ಬದಲಿಸಿದಳು, ನಿಂತಿತು. ಹಳೆಯದೊಂದನ್ನೇ ಇಟ್ಟಳು, ಫೋಟೋ ಕುಂಟುತ್ತ ತೆರೆಯಿತು, ಅಳಿಸಲು ಹೋದರೆ ಮೆಮರಿ ಸಾಲದು ಎಂಬ ಪೆಟ್ಟಿಗೆ ಬಂತು, ಆದರೆ ನಿಲ್ಲಲಿಲ್ಲ. ಹೊಸದೊಂದನ್ನೇ ಇಟ್ಟಳು, ಅದೂ ನಿಲ್ಲಲಿಲ್ಲ, ದೊಡ್ಡ ಫೋಟೋಕ್ಕೆ ಅದೊಂದೂ ಸಾಲಲಿಲ್ಲ ಅಷ್ಟೇ. ಎರಡನ್ನೂ ಕೂಡಿಸಿಟ್ಟರೆ ಮಾತ್ರ ನಿಲ್ಲುತ್ತದೆ. ಫೋನಿನಲ್ಲಿ ನಿಂಗರಾಜ ನಗುತ್ತಾನೆ, ಹೊಸಾದೂ ಛಲೋ ಐತ್ರಿ ಅಕ್ಕಾರ, ಹಳೇದೂ ಛಲೋ ಐತಿ, ಜೋಡಿ ಕೂಡವಲ್ಲವು ಅಷ್ಟ, ಎತ್ತಿನ ಜೋಡಿ ಇದ್ದಂಗ್ರಿ ಇವು, ಒಂದ ಬಿರಬಿರ ನಡಿಯೂದು, ಒಂದ ಸಾವಕಾಶ, ಗಾಡಿ ಹೂಡಿದ್ರ ಹಾದ್ಯಾಗ ನಿಂದರತಾವು. ಮತ್ತೇನ ಮಾಡ್ಲೋ ನಿಂಗರಾಜ? ಏನಿಲ್ರಿ, ಚಾಲೂ ಮಾಡೂ ಮುಂದ ಡಿಲೀಟ್ ಒತ್ತಿ ಒಳಗ ಹೋಗ್ರಿ, ಬಿರಬಿರ ನಡಿಯೂದರ ಸ್ಪೀಡ್ ಇಳಸ್ರಿ, ತಗ್ಗಿ ನಡದ್ರ ಹೊಂದ್ಕೊಂಡ ಹೊಕ್ಕಾವು. ತಗ್ಗಿ ನಡೆದರೆ. ಹೊಂದ್ಕೊಂಡ ಹೋಗಬೇಕವಾ ಎಂದು, ಮದುವೆಯಾಗಿ ಹೊರಟ ದಿನ, ಅವ್ವ ಬಾಗಿಲಲ್ಲಿ ನಿಂತು ಅಕ್ಕನ ಉಡಿಗೆ ಅಕ್ಕಿ ತುಂಬುತ್ತಿದ್ದಾಳೆ, ಅಕ್ಕ ಬೀದಿಗೆ ಕೇಳುವಷ್ಟು ಜೋರಾಗಿ ನಗುವವಳು, ಬೈಲಹೊಂಗಲದ ಕಾಲೇಜಿನ ಮೆಟ್ಟಿಲನ್ನು ಎರಡೆರಡಾಗಿ ಹಾರುವವಳು, ಮದುವೆಯಾದ ಮೇಲೆ ಮಾತನಾಡುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು, ದೊಡ್ಡ ಮನಿ ಸೊಸಿ ಆಗ್ಯಾಳ, ನಡತಿ ಕಲತಾಳ ಎಂದು ಎಲ್ಲರಿಗೂ ಸಂತೋಷ.

ನವಿಲುತೀರ್ಥ. ಪಂಚಮಿಯ ಹಿಂದಿನ ದಿನ. ಅಕ್ಕನನ್ನು ತವರಿಗೆ ಕರೆತರಲು ಶೈಲಜಾ ಹೋಗಿದ್ದಳು, ದಾರಿಯಲ್ಲಿ ಅಣೆಕಟ್ಟು ನೋಡೋಣವೆಂದು ಮಾವನೇ ಜೀಪು ತಿರುಗಿಸಿದ, ಅಕ್ಕ ಏನೋ ಅಂದಳು, ತವರಿನಲ್ಲಿ ಇನ್ನೆರಡು ದಿನ ಹೆಚ್ಚಿಗೆ ಇರುತ್ತೇನೆ ಎಂದೇನೋ, ಮಾವ ನಗುತ್ತಲೇ ಇದ್ದ, ತೋಟದ ಫೋಟೋದವನು ಹಂತ್ಯಾಕ ಸರೀರಿ ಸಾಹೇಬ್ರ ಎಂದ, ಮಾವ ಸರಿದು ಕೈಯಿಟ್ಟ, ಅಕ್ಕ ತಟ್ಟನೆ ತಲೆಯೆತ್ತಿದಳು, ಕೂಸನ್ನು ಎತ್ತಿಕೊಂಡು ಫೋಟೋದವನ ಬೆನ್ನಿಗೇ ಶೈಲಜಾ ನಿಂತಿದ್ದಳು, ಹಾಗಾದರೆ ಅಕ್ಕ ಕ್ಯಾಮೆರಾ ನೋಡುತ್ತಿರಲಿಲ್ಲ — ಎಲ್ಲರೂ ಅನ್ನುತ್ತಾರೆ, ಎಷ್ಟ ಧೈರ್ಯಾದಿಂದ ನೋಡ್ಯಾಳ ನೋಡ್ರಿ ನಮ್ಮ ಶಿವಲೀಲಾ. ಮರುದಿನ ಬಚ್ಚಲಲ್ಲಿ ಅಕ್ಕನಿಗೆ ಎಣ್ಣೆ ಹಚ್ಚಿ ಎರೆಯುವಾಗ ಒದ್ದೆ ಕೂದಲನ್ನು ಮುಂದಕ್ಕೆ ತೆಗೆದರೆ ಬಲದೋಳಿನ ಹಿಂಭಾಗದಲ್ಲಿ ಒಂದು ಗುರುತು, ನೇರಳೆ ಹಣ್ಣು ಒತ್ತಿದಂತೆ, ದುಂಡಗೆ, ಏನಕ್ಕಾ ಇದು, ಬಾಗಲಾ ಬಡೀತ ಬಿಡ, ಕಣ್ಣಾಗ ಸೀಗೆಕಾಯಿ ಹೋತು ನೀರ ಹಾಕ ಲಗೂನ. ನೀರು ಹಾಕಿದಳು. ಬಾಗಿಲು ಬಡಿಯುತ್ತದೆ, ಯಾರಿಗೆ ಬಡಿಯುವುದಿಲ್ಲ. ಫೋಟೋ ಅಕ್ಕನ ಕಪಾಟಿನಲ್ಲಿತ್ತು, ಗುರುತು ಇವಳ ಕಣ್ಣಲ್ಲಿತ್ತು, ಎರಡೂ ಬೇರೆ ಬೇರೆ ಇರುವವರೆಗೆ ಎರಡರಿಂದಲೂ ತೊಂದರೆಯಿರಲಿಲ್ಲ, ಮುಂದಿನ ವರ್ಷ ಅಕ್ಕ ಕಾಲುವೆಗೆ ಬಟ್ಟೆ ಒಗೆಯಲು ಹೋಗಿ ಕಾಲು ಜಾರಿ ಮುಳುಗಿದಳು ಎಂದಾಗಲೂ ಶೈಲಜಾ ಅತ್ತಳು, ಅಷ್ಟೇ, ಮನೆಯಲ್ಲೇ ನಲ್ಲಿಯಿತ್ತಲ್ಲ ಎಂಬ ಮಾತು ಒಮ್ಮೆ ಬಾಯಿಯವರೆಗೆ ಬಂದಿತ್ತು, ಅಷ್ಟು ಜನರ ನಡುವೆ ಅಂಥ ಮಾತು ಆಡಬಾರದೆಂದು ನುಂಗಿದಳು. ಮೊನ್ನೆ ಕಂಪ್ಯೂಟರ್ ನಿಂತಿತು, ಫೋಟೋವನ್ನು ಹಿಗ್ಗಿಸಿದಾಗ, ಪರದೆಯ ತುಂಬ ಬರೀ ಆ ಕೈ, ಮುಚ್ಚಲೂ ಬಾರದು ಸರಿಸಲೂ ಬಾರದು, ನೋಡುತ್ತ ಕೂರುವುದೊಂದೇ ದಾರಿ, ಆಗ ನೋಡಿದಳು — ಬೆರಳುಗಳ ತುದಿ ಬೆಳ್ಳಗಿವೆ. ಸುಮ್ಮನೆ ಇಟ್ಟ ಕೈಯಲ್ಲಿ ಬೆರಳ ತುದಿ ಬೆಳ್ಳಗಾಗುವುದಿಲ್ಲ. ನಾಲ್ಕು ಮುಂದೆ ಇವೆ, ಹೆಬ್ಬೆರಳು ಕಾಣುವುದಿಲ್ಲ, ಹೆಬ್ಬೆರಳು ಹಿಂದೆ ಇದೆ, ತೋಳಿನ ಹಿಂದೆ, ನೇರಳೆ ಹಣ್ಣು ಒತ್ತಿದಂತೆ, ದುಂಡಗೆ.

ಡಿಲೀಟ್ ಒತ್ತಿ ಒಳಗೆ ಹೋದಳು, ನೀಲಿ ಪರದೆ, ಬಿರಬಿರ ನಡೆಯುವುದರ ವೇಗ ಇಳಿಸಿದಳು, ನಿಂಗರಾಜ ಹೇಳಿದ್ದು ಖರೆ, ಎರಡೂ ಹೊಂದಿಕೊಂಡವು, ಬಾಣ ನೀರಿನಲ್ಲಿ ಮೀನು ಹೋದ ಹಾಗೆ ಹೋಗುತ್ತದೆ, ತೋರುಬೆರಳು ಹೋಯಿತು, ನಡುಬೆರಳು ಹೋಯಿತು, ಉಂಗುರದ ಬೆರಳು, ಕಿರುಬೆರಳು, ಸೆರಗಿನ ಮೇಲೆ ಈಗ ಬರೀ ಸೆರಗು, ಇನ್ನು ಅವ್ವನನ್ನು ಕರೆಯಬಹುದು — ಪಟ್ಟೆಗಳು ನೆಟ್ಟಗಿಲ್ಲ. ಹೆಗಲಿನಿಂದ ನೆಟ್ಟಗೆ ಇಳಿದ ಬಿಳಿ ಪಟ್ಟೆಗಳು ತೋಳಿನ ನಡುವೆ ಬಂದು ಒಳಕ್ಕೆ ಬಾಗುತ್ತವೆ, ಆಮೇಲೆ ಮತ್ತೆ ಹೊರಬಂದು ನೆಟ್ಟಗಾಗುತ್ತವೆ, ಕಾಣದ ದಾರ ಕಟ್ಟಿ ಬಿಗಿದ ಹಾಗೆ, ಕೈ ತೆಗೆದರೂ ಹಿಡಿತ ಹೋಗಿಲ್ಲ, ಯಾವ ಬಟ್ಟೆ ತಂದು ಹಚ್ಚಿದರೆ ಇದು ಹೋಗುತ್ತದೆ, ತೋಳನ್ನೇ ತೆಗೆಯಬೇಕೇನು. ಹೊರಗೆ ಜೀಪು ನಿಂತ ಸದ್ದು, ಬರ್ರಿ ಬರ್ರಿ ಎಂದು ಅಪ್ಪ, ಚಪ್ಪಲಿ, ಚೊಂಬಿನ ನೀರು, ಬಿಸಲ ಭಾಳ ಐತ್ರಿ ಹಾದ್ಯಾಗ, ಶೈಲಾ ಸೀರಿ ಬದಲ ಮಾಡ್ಕೊಂಡ ಬಾರವಾ ಎಂದು ಪಿಸುಗುಟ್ಟಿ ಹೋದಳು ಅವ್ವ, ಕೈಯಲ್ಲಿ ಸಕ್ಕರೆ ಬಟ್ಟಲು. ಫೋಟೋ ಮುಚ್ಚಲು ಹೋದರೆ ಪೆಟ್ಟಿಗೆ ಕೇಳುತ್ತದೆ, ಬದಲಾವಣೆ ಉಳಿಸಲೇ, ಬೇಡ ಎಂದು ಒತ್ತುತ್ತಾಳೆ, ಇರಲಿ ಆ ಬೆರಳು, ಎಲ್ಲರೂ ನೋಡಲಿ, ಒಲ್ಲೆ ಎನ್ನುತ್ತೇನೆ, ಎದ್ದು ಹೋಗಿ ಎಲ್ಲರ ಮುಂದೆ, ಒಲ್ಲೆ, ಏನ ಕಾರಣ ಅಂದರೆ ಫೋಟೋ ತೋರಿಸುತ್ತೇನೆ, ಹುಚ್ಚಿ ಎನ್ನಲಿ, ಇಷ್ಟ ಕಲತದ್ದು ಇದಕ್ಕೇನ ಎನ್ನಲಿ, ಎರಡೇ ಅಕ್ಷರ, ಬಾಯಲ್ಲಿ ಸಿದ್ಧವಾಗಿದೆ, ಸಕ್ಕರೆ ಬೀಳುವುದರೊಳಗೆ ಹೊರಗೆ ಬರಬೇಕು, ಒಲ್ಲೆ, ಕುರ್ಚಿ ಹಿಂದಕ್ಕೆ ತಳ್ಳಿ ತಿರುಗುತ್ತಾಳೆ — ಏನವಾ ಶೈಲಾ, ಫೋಟೋದಾಗಿಂದ ನನ್ನ ಕಿತ್ತ ಒಗದ್ಯಂತಲ್ಲ, ಬಾಗಿಲಲ್ಲಿ ಸಿದ್ಧಾರೂಢ ಮಾವ, ಬಿಳಿ ಅಂಗಿ, ನಗು, ಹಿಂದೆ ಅಪ್ಪನೂ ನಗುತ್ತಿದ್ದಾನೆ, ಮುಂದೆ ಹಳದಿ ಲಂಗ ಪೋಲಕದಲ್ಲಿ ಐಶ್ವರ್ಯಾ, ಇವಳನ್ನು ಕಂಡು ಎರಡೂ ಕೈ ಚಾಚುತ್ತದೆ, ಹೋಗು, ಚಿಗವ್ವನ ಹಂತ್ಯಾಕ ಹೋಗು ಎನ್ನುತ್ತಾನೆ ಮಾವ, ಕೂಸು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ಜಗ್ಗಿ ನಿಲ್ಲುತ್ತದೆ, ಹೋಗು ಅಂದನಲ್ಲ, ಬಿಟ್ಟಿಲ್ಲ, ಒಲ್ಲೆ ಅಂದರೆ ಇದು ಇವನ ಜೊತೆ ಜೀಪು ಹತ್ತುತ್ತದೆ, ಹೂಂ ಅಂದರೆ, ಹೂಂ ಅಂದರೆ ಇಬ್ಬರೂ, ಅವ್ವ ಬಟ್ಟಲಿನಿಂದ ಸಕ್ಕರೆ ಚಿಟಿಕೆ ಎತ್ತುತ್ತಿದ್ದಾಳೆ, ಶೈಲಜಾಳ ಬಾಯಿ ತೆರೆದಿದೆ, ಮಾತಿಗೋ ಸಕ್ಕರೆಗೋ, ತೆರೆದೇ ಇದೆ, ಕೂಸಿನ ಹಳದಿ ತೋಳು, ತೋಳಿನ ಮೇಲೆ ಬೆರಳು, ತುದಿ ಬೆಳ್ಳಗಿವೆ, ನಾಲ್ಕು, ಹೆಬ್ಬೆರಳು ಕಾಣುವುದಿಲ್ಲ, ನಾಲ್ಕು ಬೆರಳು, ಹೆಬ್ಬೆರಳು ಹಿಂದೆ ಇದೆ, ನಾಲ್ಕು