ಕೊಯ್ಯದೆ ಬಿಟ್ಟ ತುಂಡು

ಹೆಡ್ವಿಗ್ ಫೋನ್ ಮಾಡಿದಾಗ ಬುರ್ಗಾ ಆಲೂಗಡ್ಡೆ ಸುಲಿಯುತ್ತಿದ್ದಳು.

"ಸೊಂಟದ ಆಪರೇಷನ್ ಆಯ್ತಲ್ಲ, ಅದಕ್ಕೇ ಜೂನಲ್ಲಿ ಬರೋಕಾಗ್ಲಿಲ್ಲ. ಈಗ ಡಾಕ್ಟರು ನಡೀಬಹುದು ಅಂದಿದಾರೆ. ಕಣಿವೆ ದಾರೀಲೇ ಹಳ್ಳಿಯಿಂದ ಹಳ್ಳಿಗೆ ನಿಧಾನವಾಗಿ ನಡ್ಕೊಂಡು, ಕೊನೆಗೆ ನಿಮ್ಮನೆಗೆ ಬರ್ತೀನಿ. ಅಷ್ಟರಲ್ಲಿ ಮೇಲಿನ ಹುಲ್ಲುಗಾವಲು ಕೊಯ್ದುಬಿಟ್ಟಿರ್ತೀರೇನೋ?"

"ಇಲ್ಲ ಇಲ್ಲ, ನೀವು ಬರೋವರೆಗೂ ಹೂವು ಇರುತ್ತೆ. ನಾನಿದೀನಲ್ಲ!"

ಬುರ್ಗಾಳಿಗೆ ಕಿವಿ ತುಸು ಮಂದ. ಅವಳು ಫೋನಿನಲ್ಲಿ ಮಾತಾಡಿದರೆ ಕೊಟ್ಟಿಗೆಯ ಹಸುಗಳೂ ಕಿವಿ ನಿಮಿರಿಸುತ್ತಿದ್ದವು.

ಹೆಡ್ವಿಗ್ ಲಿನ್ಜ್ ಊರಿನ ನಿವೃತ್ತ ಟೀಚರು. ಪ್ರತಿ ಬೇಸಿಗೆಯಲ್ಲೂ ಬೆನ್ನಿಗೆ ಚೀಲ ಕಟ್ಟಿಕೊಂಡು ಈ ಬೆಟ್ಟಗಳಲ್ಲಿ ನಡೆಯುತ್ತಾಳೆ. ಕೊನೆಯ ಎರಡು ದಿನ ಬುರ್ಗಾಳ ಅತಿಥಿಕೋಣೆಯಲ್ಲಿ ಉಳಿದು, ಮೇಲಿನ ಹುಲ್ಲುಗಾವಲಿನ ಬೆಂಚಿನ ಮೇಲೆ ಅರ್ಧ ದಿನ ಕೂರುತ್ತಾಳೆ. ಒಂದು ಹೂವನ್ನೂ ಕೀಳುವುದಿಲ್ಲ, ಹುಲ್ಲಿನೊಳಗೆ ಕಾಲಿಡುವುದಿಲ್ಲ. ಬುರ್ಗಾಳಿಗೆ ಅವಳು ಇಷ್ಟವಾದದ್ದೇ ಅದಕ್ಕೆ.

ಫೋನ್ ಇಟ್ಟು ಕಿಟಕಿಯಾಚೆ ನೋಡಿದಳು. ಸೊಸೆ ಜೀಟಾ ಅಂಗಳದಲ್ಲಿ ಹುಲ್ಲು ಕೊಯ್ಯುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆಗ ನೆನಪಾಯಿತು. ಹುಲ್ಲುಗಾವಲು ಈಗ ಬುರ್ಗಾಳದ್ದಲ್ಲ.

ಕಳೆದ ಚಳಿಗಾಲದಲ್ಲಿ ಅವಳು ಪೇಟೆಗೆ ಇಳಿದು ರುಜು ಹಾಕಿ, ಹೊಲ, ಹಸು, ಹುಲ್ಲು ಎಲ್ಲವನ್ನೂ ಮಗ ಸೆವೆರಿನ್ ಮತ್ತು ಜೀಟಾಳ ಹೆಸರಿಗೆ ಮಾಡಿಕೊಟ್ಟಿದ್ದಳು. ತನಗೆಂದು ಉಳಿಸಿಕೊಂಡದ್ದು ಕೆಳಗಿನ ಕೋಣೆ, ದಿನದ ಹಾಲು, ತರಕಾರಿ ಮಡಿ, ಎರಡು ಅತಿಥಿಕೋಣೆ. ಈ ಕಣಿವೆಯಲ್ಲಿ ವಯಸ್ಸಾದವರು ಹೀಗೇ ಬಿಟ್ಟುಕೊಡುತ್ತಾರೆ. ಕೆಲವರು ಬಿಟ್ಟುಕೊಟ್ಟ ಮೇಲೂ ಬಿಡುವುದಿಲ್ಲ. ಬುರ್ಗಾಳ ಅತ್ತೆ ಸಾಯುವ ತನಕ ಕಿಟಕಿಯಲ್ಲಿ ಕೂತು ಆ ಹುಲ್ಲು ಒಣಗಿಲ್ಲ, ಈ ಹಸು ಕುಂಟುತ್ತಿದೆ ಎಂದು ಕೂಗುತ್ತಲೇ ಇದ್ದಳು. ತಾನು ಹಾಗಾಗಬಾರದು, ಹುಲ್ಲಿನ ವಿಷಯ ಒಂದು ಮಾತೂ ಎತ್ತಬಾರದು ಎಂದು ಬುರ್ಗಾ ಅಂದೇ ತೀರ್ಮಾನಿಸಿದ್ದಳು. ಇಷ್ಟು ದಿನ ಎತ್ತಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ರೇಡಿಯೋ ಮೂರು ದಿನ ಒಳ್ಳೆ ಬಿಸಿಲು, ಆಮೇಲೆ ಗುಡುಗು ಮಳೆ ಎಂದಿತು.

"ಹಾಗಾದ್ರೆ ನಾಳೆ ಮೇಲಿನದನ್ನ ಕೊಯ್ದುಬಿಡ್ತೀನಿ," ಎಂದಳು ಜೀಟಾ. ಚಮಚ ಬಾಯಿಗಿಟ್ಟು ಮುಖ ಹಿಂಡಿದಳು. "ಅತ್ತೆ, ಸೂಪಿಗೆ ಎರಡು ಸಲ ಉಪ್ಪು ಹಾಕಿದೀರಿ."

"ಬೆವರು ಸುರಿಸೋರಿಗೆ ಉಪ್ಪು ಬೇಕಮ್ಮ."

"ನಾಳೆ ಬೆವರೋದಕ್ಕೆ ಇವತ್ತೇ ಅಡ್ವಾನ್ಸಾ?"

ಸೆವೆರಿನ್ ನಕ್ಕ. ಬುರ್ಗಾ ನಗಲಿಲ್ಲ. "ಗುರುವಾರ ಹೆಡ್ವಿಗ್ ಬರ್ತಾರೆ," ಎಂದಳು ಬ್ರೆಡ್ ಮುರಿಯುತ್ತ.

"ಟೀಚರಮ್ಮನಾ? ಹೂವು ನೋಡೋಕಾ?"

"ಹೂವು ಇಲ್ದಿದ್ರೂ ಬರ್ತಾರೆ."

ಜೀಟಾ ಇನ್ನೇನಾದರೂ ಬರುತ್ತದೇನೋ ಎಂಬಂತೆ ಅತ್ತೆಯ ಮುಖ ನೋಡಿದಳು. ಬುರ್ಗಾ ಬ್ರೆಡ್ಡನ್ನು ಸೂಪಿಗೆ ಅದ್ದಿದಳು.

ಮಾರನೆಯ ದಿನ ಗಂಡ ಹೆಂಡತಿ ಮೇಲೆ ಹೋದರು. ಬುರ್ಗಾ ಕೆಳಗಿನ ಇಳಿಜಾರಿನಲ್ಲಿ ಉಳಿದ ಹುಲ್ಲನ್ನು ಬಾಚಿ ರಾಶಿ ಮಾಡಿದಳು. ಯಂತ್ರದ ಸದ್ದು ಬೆಟ್ಟದ ಮರೆಯಿಂದ ಸಂಜೆಯ ತನಕ ಕೇಳಿಸುತ್ತಲೇ ಇತ್ತು. ಮಳೆಗೆ ಮುಂಚೆ ಹುಲ್ಲೆಲ್ಲ ಒಳಗೆ ಬಂತು. ಅಟ್ಟ ತುಂಬಿ ಮನೆಯೆಲ್ಲ ಘಮಘಮ ಎಂದಿತು. ಪ್ರತಿ ವರ್ಷ ಆ ವಾಸನೆಗೆ ಅವಳಿಗೆ ಹಸಿವಾಗುತ್ತಿತ್ತು. ಈ ಸಲ ಆಗಲಿಲ್ಲ.

ಗುರುವಾರ ಹೆಡ್ವಿಗ್ ಎರಡು ಕೋಲು ಊರಿಕೊಂಡು, ಅದೇ ಹಳೆಯ ಕೆಂಪು ಕಾಲುಚೀಲ ಹಾಕಿಕೊಂಡು ಬಂದಳು. ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೊರಟರು. ಪೈನ್ ಮರಗಳು ಮುಗಿಯುವಲ್ಲಿ ಒಂದು ಮರದ ಶಿಲುಬೆ ಇದೆ. ಅದನ್ನು ದಾಟಿದ ಮೇಲೆ ಇಲ್ಲಿಯ ರೂಢಿಯಂತೆ ಯಾರಿಗೂ ಬಹುವಚನವಿಲ್ಲ. ಮಂತ್ರಿ ಬಂದರೂ 'ನೀನು'. ಕೆಳಗಿಳಿದ ಮೇಲೆ ಮತ್ತೆ 'ನೀವು'. ಬುರ್ಗಾ ಶಿಲುಬೆ ದಾಟುವುದನ್ನೇ ಕಾಯುತ್ತಿದ್ದಳು. ಏಕವಚನದಲ್ಲಿ ತಪ್ಪು ಹೇಳಿಕೊಳ್ಳುವುದು ಸುಲಭ.

"ಹೆಡ್ವಿಗ್, ನಿನಗೊಂದು ಸುಳ್ಳು ಹೇಳಿದೆ. ಹುಲ್ಲು ಕೊಯ್ದಾಯ್ತು. ಅದು ಈಗ ನನ್ನದಲ್ಲ, ನಾನು ಮಾತು ಕೊಡಬಾರದಿತ್ತು."

ಹೆಡ್ವಿಗ್ ಸುಧಾರಿಸಿಕೊಳ್ಳಲು ನಿಂತಳು. "ನನ್ನ ಸೊಂಟವೂ ಈಗ ನನ್ನದಲ್ಲ ಕಣೆ, ಯಾವುದೋ ಲೋಹದ್ದು. ಆದ್ರೂ ಹತ್ತಿಸ್ತಾ ಇದೀಯಲ್ಲ. ನಡಿ, ಬೆಂಚಾದ್ರೂ ಇರುತ್ತೆ."

ತಿರುವು ದಾಟಿದರು. ಇಳಿಜಾರು ಪೂರ್ತಿ ಬೋಳಾಗಿತ್ತು. ಆದರೆ ಮೇಲ್ತುದಿಯಲ್ಲಿ, ಬೆಂಚಿನ ಮುಂದೆ, ಎರಡು ಕೋಣೆಯಷ್ಟು ಜಾಗದಲ್ಲಿ ಹುಲ್ಲು ನಿಂತೇ ಇತ್ತು. ಹಳದಿ ಆರ್ನಿಕಾ, ನೀಲಿ ಗಂಟೆಹೂ, ಚಾಕೊಲೇಟಿನ ವಾಸನೆಯ ಪುಟ್ಟ ಕಪ್ಪುಗೆಂಪು ಹೂ. ನಾಲ್ಕು ಮೂಲೆಗೂ ಕೋಲು ನೆಟ್ಟು ಬಟ್ಟೆಚೂರು ಕಟ್ಟಿದ್ದರು. ನೆಲದಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ ಇಲ್ಲಿಯವರು ಹಾಗೆ ಗುರುತಿಟ್ಟು, ಅಷ್ಟು ಭಾಗ ಕೊಯ್ಯದೆ ಬಿಡುತ್ತಾರೆ.

"ಅಯ್ಯೋ, ಗೂಡಿದೆಯಾ?" ಹೆಡ್ವಿಗ್ ಪಿಸುಗುಟ್ಟಿದಳು. ಸದ್ದಾಗದಂತೆ ತನ್ನ ಊರುಗೋಲುಗಳನ್ನು ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತಳು.

ಬುರ್ಗಾ ಅಂಚಿನಲ್ಲಿ ಬಗ್ಗಿ ನೋಡಿದಳು. ಯಾವ ಹಕ್ಕಿಯೂ ಗಾಬರಿಯಿಂದ ಮೇಲೇಳಲಿಲ್ಲ. ಇಷ್ಟು ಹೊತ್ತಿಗೆ ಮರಿಗಳೆಲ್ಲ ಹಾರಿಹೋಗಿರುತ್ತವೆ ಎಂಬುದು ಅವಳಿಗೆ ಗೊತ್ತು. ಕೋಲಿನ ಬಟ್ಟೆಚೂರು ಜೀಟಾಳ ಹಳೆಯ ಏಪ್ರನ್ನಿನದು, ಚೆರ್ರಿ ಹಣ್ಣಿನ ಚಿತ್ರದ್ದು.

"ಇದೆ," ಎಂದಳು. ಗೆಳತಿಯ ಪಕ್ಕದಲ್ಲಿ ಕೂತು ಬುತ್ತಿಯ ಚೀಸು ಕತ್ತರಿಸಿದಳು. ಮಧ್ಯಾಹ್ನದವರೆಗೂ ಇಬ್ಬರೂ ಹೂವು ನೋಡುತ್ತ ಅಲ್ಲೇ ಕೂತಿದ್ದರು.

ಅವರು ಇಳಿದು ಬಂದಾಗ ಜೀಟಾ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಹೆಡ್ವಿಗ್ ಒಳಗೆ ಹೋಗುವವರೆಗೂ ಬುರ್ಗಾ ಕಾದಳು.

"ಮೇಲೆ ಗೂಡಿತ್ತಾ?"

"ಇತ್ತು," ಜೀಟಾ ತಲೆಯೆತ್ತಲಿಲ್ಲ.

"ಯಾವ ಹಕ್ಕಿ?"

"ಫೋನಲ್ಲಿ ಕಿರಿಚಾಡೋ ಹಕ್ಕಿ."

ಬುರ್ಗಾಳ ಕಿವಿ ಬಿಸಿಯಾಯಿತು. ಜೀಟಾ ಕ್ಯಾನು ಬೋರಲು ಹಾಕಿದಳು. "ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ. ನೀವು ಏನೂ ಅನ್ನದೆ ಸುಮ್ನಿರೋದು ನಂಗೆ ಎಷ್ಟು ಹೆದರಿಕೆ ಗೊತ್ತಾ? ಹುಲ್ಲು ಸರಿಯಾಗಿ ಒಣಗಿದ್ಯೋ ಇಲ್ವೋ ಅಂತ ನಾನು ಯಾರನ್ನ ಕೇಳ್ಲಿ?"

ಬುರ್ಗಾ ಅಟ್ಟದ ಕಡೆ ನೋಡಿದಳು. "ಒಣಗಿದೆ. ಚೆನ್ನಾಗಿ ಒಣಗಿದೆ." ಆಮೇಲೆ, "ಹೆಡ್ವಿಗ್ ಹೋದ ಮೇಲೆ ಆ ತುಂಡನ್ನ ನಾನು ಕೈಯಲ್ಲೇ ಕೊಯ್ಲಾ?" ಎಂದಳು.

"ಕೇಳ್ತಾ ಇದೀರಾ, ಹೇಳ್ತಾ ಇದೀರಾ?"

"ಕೇಳ್ತಾ ಇದೀನಿ."

"ಕೊಯ್ಯಿರಿ. ಆ ನಾಲ್ಕು ಬಟ್ಟೆಚೂರು ಮಾತ್ರ ಮರೀದೆ ತನ್ನಿ, ಪಾತ್ರೆ ಒರೆಸೋಕಾಗುತ್ತೆ."