ಒಂದೂ ತೂತು ಬಿಡಬ್ಯಾಡ

ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ಆ ದಿನ ಮಾತ್ರ ಕಾರಣವಿತ್ತು, ಅದು ಭಾವುಚಾ ಧಕ್ಕಾ ಎಂಬ ದೋಣಿಕಟ್ಟೆಯಲ್ಲಿ ಕಟ್ಟಿದ್ದ ಒಂದು ಲಾಂಚಿನ ಹೊಟ್ಟೆಯೊಳಗೆ ಕೂತಿತ್ತು. ಲಾಂಚಿನ ಜನರೇಟರ್ ಶುರುವಾಗುತ್ತಿತ್ತು, ಇಪ್ಪತ್ತು ನಿಮಿಷ ಒಳ್ಳೆಯವನ ಹಾಗೆ ಓಡುತ್ತಿತ್ತು, ಆಮೇಲೆ ಗುಂಯ್ ಗುಂಯ್ ಅಂತ ಏರಿಳಿದು ನಿಂತುಬಿಡುತ್ತಿತ್ತು. ಐದು ದಿನದಿಂದ ಇದೇ ಆಟ. ನಾನು ಶರಣಬಸಪ್ಪ, ಇಂಡಿ ತಾಲೂಕಿನವನು, ಚೆಂಬೂರಿನಲ್ಲಿ ಮನೆ. ಮೂವತ್ತೊಂದು ವರ್ಷದಿಂದ ಈ ಊರಿನ ಡೀಸೆಲ್ ಇಂಜಿನ್ನುಗಳನ್ನು ಬಿಚ್ಚಿ ಕಟ್ಟಿದವನು. ನನ್ನನ್ನು ಒಂದು ಜನರೇಟರ್ ಐದು ದಿನ ಆಡಿಸುವುದೆಂದರೆ ಮೈಯೆಲ್ಲ ಉರಿಯುತ್ತದೆ.

ಏನು ಬಿಟ್ಟಿದ್ದೆ ನಾನು? ಎರಡು ಸಲ ಫಿಲ್ಟರ್ ಬದಲಿಸಿದ್ದೆ. ಉಪ್ಪುನೀರು ಎಳೆಯುವ ಪಂಪಿನ ರಬ್ಬರ್ ಚಕ್ರ ಹೊಸದು ಹಾಕಿದ್ದೆ. ಆಯಿಲ್ ನೋಡಿದ್ದೆ, ಬಿಸಿ ನೋಡಿದ್ದೆ, ಪೈಪಿನಲ್ಲಿ ಹವಾ ಸಿಕ್ಕಿದೆಯೇನೋ ಎಂದು ನಟ್ಟು ಸಡಿಲಿಸಿ ತೆಗೆದಿದ್ದೆ. ಒಂದು ಗುಳ್ಳೆಯೂ ಬರಲಿಲ್ಲ. ಇಂಜಿನ್ನಿನಲ್ಲಿ ತಪ್ಪಿಲ್ಲ ಎಂದ ಮೇಲೆ ಉಳಿದದ್ದೇನು? ಡೀಸೆಲ್. ಹಿಂದಿನ ದಿನ ಲಾಂಚಿನ ಮಾಲಕಿಯ ಮುಂದೆ ಅದನ್ನೇ ಹೇಳಿಬಿಟ್ಟಿದ್ದೆ.

“ಇಂಜಿನ್ ಸರಿ ಐತಿ ಮೇಡಮ್. ಡೀಸೆಲ್‌ದಾಗ ಏನೋ ಕೂಡೇತಿ. ಯಾರ ಕೂಡಿಸ್ಯಾರ ಅನ್ನೂದು ನನ್ನ ಕೇಳಬ್ಯಾಡ್ರಿ, ನಿಮ್ಮ ಮನಷ್ಯಾನ್ನ ಕೇಳ್ರಿ.”

ಮಾಲಕಿ ವಿನೋದಿನಿ ಉಡುಪಿ ಕಡೆಯವರು. ಸಾಂತಾಕ್ರೂಜ್‌ನಲ್ಲಿ ಅವರದು ಎರಡು ಹೋಟೆಲು, ಮೇಲೆ ಪಾರ್ಟಿಗಳಿಗೆ ಕೊಡುವ ಈ ಲಾಂಚು. ‘ನಿಮ್ಮ ಮನುಷ್ಯ’ ಅಂದರೆ ದೂಜ. ಮಂಗಳೂರಿನ ಕ್ರೈಸ್ತರವನು, ಹುಡುಗನಾಗಿದ್ದಾಗಲೇ ಈ ಧಕ್ಕಾಕ್ಕೆ ಬಂದವನು, ಈಗ ಐವತ್ತಾರು. ಲಾಂಚು ತೊಳೆಯುವುದು, ಬಣ್ಣ ಬಳಿಯುವುದು, ಜನರೇಟರ್ ನೋಡಿಕೊಳ್ಳುವುದು, ರಾತ್ರಿ ಅಲ್ಲೇ ಮಲಗುವುದು. ಲಾಂಚಿನಿಂದ ಇಳಿಸಿದರೆ ಅವನಿಗೆ ಕೆಲಸವೂ ಇಲ್ಲ, ತಲೆಯ ಮೇಲೆ ಸೂರೂ ಇಲ್ಲ. ಡೀಸೆಲ್ ಕದ್ದು ಬದಲಿಗೆ ಏನೋ ಬೆರೆಸಿದ ಕಳ್ಳ ಎಂಬ ಹೆಸರು ಹೊತ್ತು ಇಳಿದರೆ ಧಕ್ಕಾದ ಯಾವ ಬೋಟಿನವನೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆಡಿದ್ದೆ, ಯಾಕೆಂದರೆ ನನ್ನ ಕೆಲಸದಲ್ಲಿ ತಪ್ಪಿದೆ ಎಂದು ಒಪ್ಪುವುದಕ್ಕಿಂತ ಅದು ಸುಲಭವಿತ್ತು.

ಆ ದಿನ ಬೆಳಿಗ್ಗೆ ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಧಕ್ಕಾಕ್ಕೆ ಬರುವಷ್ಟರಲ್ಲಿ ವಿನೋದಿನಿ ಮೇಡಮ್ ಡೆಕ್ಕಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ನಾಳೆ ಸಂಜೆ ನಿಶ್ಚಿತಾರ್ಥದ ಪಾರ್ಟಿ ಉಂಟು, ಎಂಬತ್ತು ಜನ. ಏಸಿ ಇಲ್ಲದೆ ಅವರನ್ನು ಸಮುದ್ರದ ಮಧ್ಯೆ ಬೇಯಿಸಲಿಕ್ಕೆ ಆಗ್ತದಾ? ಇವತ್ತು ನಾಲ್ಕು ಗಂಟೆಯ ಒಳಗೆ ಇದು ಒಂದು ಗಂಟೆ ನಿಲ್ಲದೆ ಓಡಬೇಕು. ಓಡದಿದ್ದರೆ ಡೀಸೆಲ್‌ದೇ ದೋಷ ಅಂತ ಆಯ್ತಲ್ಲ, ದೂಜ ಚೀಲ ಕಟ್ಟಲಿ,” ಎಂದರು.

ದೂಜ ಬಕೆಟ್ ಎತ್ತಿಕೊಂಡು ಡೆಕ್ಕು ತೊಳೆಯಲು ಹೋದ. ಅವನು ವಾದ ಮಾಡಿದ್ದನ್ನು ನಾನು ಕಂಡೇ ಇಲ್ಲ. ಅದಕ್ಕೂ ನನಗೆ ಸಿಟ್ಟು. ಬಾಯಿ ಇದ್ದವನು ಬಾಯಿ ಬಿಡಬೇಕಪ್ಪ!

ಕೆಳಗಿಳಿದು ಸೆಲ್ಫ್ ಹೊಡೆದೆ. ಮೊದಲ ಸಲಕ್ಕೇ ಹಿಡಿಯಿತು. ಇಪ್ಪತ್ತು ನಿಮಿಷಕ್ಕೆ ಗುಂಯ್ ಗುಂಯ್, ಬಂದ್. ನಾನು ನಟ್ಟು ಬಿಗಿಯುವ ಪಾನಾ ಎಸೆದೆ, ಅದು ಹೋಗಿ ಕಬ್ಬಿಣದ ಗೋಡೆಗೆ ಬಡಿಯಿತು. ಮೇಲೆ ದೂಜ ಆಗಲೇ ಡೀಸೆಲ್ ಟಾಕಿಯ ಮುಚ್ಚಳ ತಿರುಗಿಸಿ ಅಳತೆಯ ಕೋಲು ಇಳಿಬಿಟ್ಟು, ಎಷ್ಟಿದೆ ಎಂದು ಮಾಲಕಿಗೆ ತೋರಿಸುತ್ತಿದ್ದ. ಜನರೇಟರ್ ನಿಂತಾಗಲೆಲ್ಲ ಅವನು ಮಾಡುವ ಕೆಲಸ ಇದು. ನಾನು ಪಂಪನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಿ ಮಧ್ಯಾಹ್ನ ಮತ್ತೆ ಸೆಲ್ಫ್ ಹೊಡೆದೆ, ಮತ್ತೆ ಹಿಡಿಯಿತು, ಮತ್ತೆ ಇಪ್ಪತ್ತು ನಿಮಿಷಕ್ಕೆ ನಿಂತಿತು. ದೂಜ ಮತ್ತೆ ಮುಚ್ಚಳ ತೆಗೆದ.

ನಾನು ಮೆಟ್ಟಿಲು ಹತ್ತಿ ಕೂಗಿದೆ, “ಏ ದೂಜಾ, ಎಷ್ಟ್ ಸಲಾ ಅಳೀತಿಯೋ? ಡೀಸೆಲ್ ಏನ್ ಮಗಳ ಮದವಿ ಸೀರಿ ಏನು, ತಗದ ತಗದ ನೋಡಾಕ?”

“ಅಕ್ಕನಿಗೆ ನನ್ನ ಮೇಲೆ ಸಂಶಯ ಉಂಟಲ್ಲ ಶರಣಣ್ಣ. ಪ್ರತಿ ಸಲ ತೋರಿಸಿದರೆ ಒಳ್ಳೆಯದು.”

ಅದನ್ನು ಕೇಳಿ ವಿನೋದಿನಿ ಮೇಡಮ್ಮಿಗೂ ರೇಗಿತು. “ತೋರಿಸುವ ನೆಪದಲ್ಲಿ ನೀನು ಅದರೊಳಗೆ ಎಂಥ ಹಾಕ್ತೀಯೋ ಯಾರಿಗೆ ಗೊತ್ತು?” ಎಂದು ಕೈಚೀಲದಿಂದ ಒಂದು ಬೀಗ ತೆಗೆದರು. ಹೋಟೆಲಿನ ಅಕ್ಕಿ ಕೋಣೆಯ ಬೀಗವಂತೆ, ಬರುವಾಗಲೇ ತಂದಿದ್ದರು. ಮುಚ್ಚಳದ ಕೊಂಡಿಗೆ ತಾವೇ ಬೀಗ ಜಡಿದು, ಕೀ ಸೆರಗಿಗೆ ಕಟ್ಟಿಕೊಂಡು ಕೂತರು. ದೂಜ ಅಳತೆಯ ಕೋಲನ್ನು ಹಿಡಿದುಕೊಂಡು ನಿಂತೇ ಇದ್ದ. ಆ ಕೋಲೊಂದೇ ಅವನ ಸಾಕ್ಷಿಯಾಗಿತ್ತು.

ನಾನು ಸೆಲ್ಫ್ ಹೊಡೆದೆ. ಇಪ್ಪತ್ತು ನಿಮಿಷ ಓಡಿತು, ನಿಂತಿತು. ಮತ್ತೆ ಹೊಡೆದೆ. ಈ ಸಲ ಹಿಡಿಯಲಿಲ್ಲ. ಐದು ನಿಮಿಷ ಬಿಟ್ಟು ಹೊಡೆದೆ, ಇಲ್ಲ. ಬ್ಯಾಟರಿ ಸೊರಗುವ ತನಕ ಹೊಡೆದೆ, ಎರಡು ಸಲ ಕೆಮ್ಮಿ ಸುಮ್ಮನಾಯಿತು. ಐದು ದಿನದಲ್ಲಿ ಅದು ನಿಂತಿತ್ತೇ ಹೊರತು ಮತ್ತೆ ಶುರುವಾಗದೆ ಇದ್ದದ್ದೇ ಇಲ್ಲ. ಮೇಲಿನಿಂದ ವಿನೋದಿನಿ ಮೇಡಮ್, “ಮೂರು ಗಂಟೆ ಆಯ್ತು ಮಾರಾಯ್ರೆ,” ಎಂದರು.

ಬೆವರು ಒರೆಸಿಕೊಳ್ಳುತ್ತ ಇಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬೆಳಿಗ್ಗೆಗೂ ಈಗಕ್ಕೂ ಬದಲಾದದ್ದು ಏನು? ಫಿಲ್ಟರ್ ಅದೇ, ಪೈಪ್ ಅದೇ, ಡೀಸೆಲ್ ಅದೇ. ಬದಲಾದದ್ದು ಬೀಗ ಒಂದೇ. ನನಗೆ ಹೊಳೆಯಿತು.

ಓಡಿ ಮೇಲೆ ಬಂದು ಕೀ ಕೇಳಿದೆ. ಅವರು ಯಾಕೆ, ಎಂಥಕ್ಕೆ ಎಂದು ಶುರು ಮಾಡಿದರು. “ಕೊಡ್ರೀ!” ಎಂದು ಕಿರುಚಿದೆ. ಬೀಗ ತೆಗೆದು ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿದ್ದೇ ತಡ, ಟಾಕಿ ಸುಸ್ಸೆಂದು ದೊಡ್ಡದಾಗಿ ಉಸಿರೆಳೆದುಕೊಂಡಿತು. ಮೂವರಿಗೂ ಕೇಳಿಸಿತು. ಡೀಸೆಲ್ ಕೆಳಗಿಳಿದಷ್ಟೂ ಟಾಕಿಯೊಳಗೆ ಹವಾ ಹೋಗಬೇಕು. ಹೋಗದಿದ್ದರೆ ಡೀಸೆಲ್ ಇಳಿಯುವುದಿಲ್ಲ, ಇಂಜಿನ್ ಉಪವಾಸ ಬೀಳುತ್ತದೆ. ತನ್ನ ಮೇಲಿನ ಸಂಶಯ ಕಳೆಯಲೆಂದು ದೂಜ ಪ್ರತಿ ಸಲ ಮುಚ್ಚಳ ತೆಗೆದದ್ದರಿಂದಲೇ ಅದು ಇಷ್ಟು ದಿನ ಮತ್ತೆ ಮತ್ತೆ ಶುರುವಾಗಿದ್ದು.

ಹಾಗಾದರೆ ಟಾಕಿಗೆ ಹವಾ ಹೋಗಲೆಂದೇ ಇರುವ ಪೈಪು ಎಲ್ಲಿ? ಹುಡುಕಿದೆ. ಡೆಕ್ಕಿನ ಅಂಚಿನಲ್ಲಿ ಊರುಗೋಲಿನ ಹಿಡಿಯ ಹಾಗೆ ಬಾಗಿಕೊಂಡು ನಿಂತಿತ್ತು. ಅದರ ಬಾಯಿಗೆ ಯಾರೋ ಸೋರಿಕೆ ಮುಚ್ಚುವ ಸೀಲು ಮೆತ್ತಿ, ಬೆರಳಲ್ಲಿ ನಯವಾಗಿ ಸವರಿ, ಮೇಲೆ ಬಿಳಿ ಬಣ್ಣವನ್ನೂ ಬಳಿದಿದ್ದರು. ಐದು ದಿನ ನಾನು ಬಂದವನೇ ಸೀದಾ ಕೆಳಗಿಳಿಯುತ್ತಿದ್ದೆ, ಡೆಕ್ಕಿನ ಮೇಲೆ ಕಣ್ಣು ಹಾಯಿಸಿದವನಲ್ಲ.

ನನ್ನ ರಕ್ತ ನೆತ್ತಿಗೇರಿತು. “ಯಾವ ಕತ್ತೀಮಗ ಮಾಡಿದಾ ಇದನ್ನ? ಯಾವನಿಗಿ ತಲಿ ಕೆಟ್ಟಿತ್ತು?”

ದೂಜ ನನ್ನ ಮುಖ ನೋಡಿದ. ಆಮೇಲೆ ಮಾಲಕಿಯ ಕಡೆ ತಿರುಗಿ, “ನಾನೇ ಅಕ್ಕ,” ಅಂದ.

“ಚಂದ ಆಯ್ತು!” ವಿನೋದಿನಿ ಮೇಡಮ್ ಎದ್ದು ನಿಂತರು. “ಕದ್ದಿದ್ದರೂ ಅಡ್ಡಿ ಇರಲಿಲ್ಲ, ಇದು ಅದಕ್ಕಿಂತ ಕೆಟ್ಟದು. ಇಳಿ. ಈಗಲೇ ಇಳಿ.”

ಅವನು ತನ್ನ ಬಟ್ಟೆಬರೆ ತರಲು ಹೋದ. ನಾನು ಸೀಲನ್ನು ಸ್ಕ್ರೂಡ್ರೈವರಿನಿಂದ ಕೆತ್ತತೊಡಗಿದೆ. ಎಷ್ಟು ಗಟ್ಟಿಯಾಗಿ ಮೆತ್ತಿದ್ದನೆಂದರೆ ಚೂರುಚೂರಾಗಿ ಏಳುತ್ತಿತ್ತು. ಹೆದರಿದವನು ಮಾಡಿದ ಕೆಲಸ ಅದು. ಯಾರಿಗೆ ಹೆದರಿದ್ದ? ಆಗ ನೆನಪಾಯಿತು. ಹಿಂದಿನ ವಾರ ನಾನು ಘಾಟ್ಕೋಪರ್‌ನಲ್ಲಿ ಒಂದು ಸೊಸೈಟಿಯ ಜನರೇಟರ್ ಬಿಚ್ಚಿಕೊಂಡು ಕೂತಿದ್ದಾಗ ದೂಜ ಫೋನ್ ಮಾಡಿದ್ದ, ಎತ್ತಿರಲಿಲ್ಲ. ಫಿಲ್ಟರಿನಲ್ಲಿ ಗುಳ್ಳೆ ಬರುತ್ತಿದೆ, ಏನು ಮಾಡಲಿ ಎಂದು ವಾಟ್ಸಾಪಿನಲ್ಲಿ ಕೇಳಿದ್ದ. ನಾನು ಬಾಯಿಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದ್ದೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೂಜನಂತೂ ಹೇಳುವವನಲ್ಲ. ಒಂದು ಗಳಿಗೆ ಸುಮ್ಮನೆ ಇದ್ದೆ ಕೂಡ, ಸುಳ್ಳು ಯಾಕೆ ಹೇಳಲಿ. ಅವನು ಒಂದು ಚೀಲ, ಸುತ್ತಿದ ಹಾಸಿಗೆ ಹಿಡಿದು ಹೊರಗೆ ಬಂದ.

“ಮೇಡಮ್, ಅವನ್ನ ಬಿಡ್ರಿ,” ಎಂದೆ. “ಬಂದ್ ಮಾಡು ಅಂತ ನಾನss ಹೇಳಿದ್ದೆ. ತಪ್ಪು ನಂದು.”

ಅವರು ನಕ್ಕುಬಿಟ್ಟರು. “ಅವನನ್ನು ಉಳಿಸಲಿಕ್ಕೆ ಸುಳ್ಳು ಹೇಳ್ಬೇಡಿ ಮಾರಾಯ್ರೆ. ಇಷ್ಟು ವರ್ಷದಲ್ಲಿ ನೀವು ಒಂದು ಸಲ ಆದರೂ ನನ್ನ ತಪ್ಪು ಅಂತ ಹೇಳಿದ್ದುಂಟಾ? ಇವತ್ತು ಹೇಳಿದರೆ ನಾನು ನಂಬಬೇಕಾ?”

ಅಂಥ ಸಿಟ್ಟು ನನಗೆ ಹುಟ್ಟಿದಂದಿನಿಂದ ಬಂದಿರಲಿಲ್ಲ. ನಿಜ ಹೇಳಿದರೆ ನಂಬದ ಹಾಗೆ ಬದುಕಿದ್ದೆನಲ್ಲ! “ಫೋನ್ ಕೊಡೋ,” ಎಂದು ದೂಜನ ಮುಂದೆ ಕೈ ಚಾಚಿದೆ.

“ಬೇಡ ಶರಣಣ್ಣ. ಯಾಕೆ ಸುಮ್ಮನೆ.”

ಅವನ ಅಂಗಿಯ ಕಿಸೆಯಿಂದ ನಾನೇ ಕಿತ್ತುಕೊಂಡೆ. ಹುಡುಕಿ ಒತ್ತಿದೆ. ನನ್ನ ದನಿ ಡೆಕ್ಕಿನ ತುಂಬ ಒದರಿತು.

“ಏ ದೂಜಾ, ತಲ್ಯಾಗ ಏನ್ ತುಂಬಿಕೊಂಡೀಯೋ? ಗುಳ್ಳಿ ಬರಾಕತ್ತಾವಂದ್ರ ಹವಾ ಒಳಗ ಹೊಕ್ಕಾಕತ್ತೈತಿ, ಇಷ್ಟೂ ತಿಳಿಯಂಗಿಲ್ಲೇನು? ಟಾಕಿಯಿಂದ ಇಂಜಿನ್ ತನಕ ಹವಾ ಎಲ್ಲೆಲ್ಲಿ ಹೊಕ್ಕತೈತಿ ಅಲ್ಲೆಲ್ಲಾ ಬಂದ್ ಮಾಡು. ಒಂದೂ ತೂತು ಬಿಡಬ್ಯಾಡ. ತಿರುಗಿ ನನ್ನ ಕೇಳಬ್ಯಾಡ, ಫೋನ್ ಹಚ್ಚಬ್ಯಾಡ. ನಾ ಬಂದಾಗ ಒಂದ್ ತೂತು ಕಂಡರೂ ನಿನ್ನ ಸಮುದ್ರಕ್ಕ ಒಗೀತೀನಿ, ನೆನಪಿಟ್ಕೋ.”

ಪಕ್ಕದ ಬೋಟಿನವರು ಬಲೆ ಬಿಟ್ಟು ನಮ್ಮ ಕಡೆ ನೋಡಿದರು. ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಇದನ್ನು ಕೇಳಿದ ಮನುಷ್ಯ ಮೈಯ ತೂತುಗಳನ್ನೂ ಮುಚ್ಚಿಕೊಳ್ಳುತ್ತಾನೆ, ಅನಿಸಿತು. ನಾಚಿಕೆಯಿಂದ ಕಿವಿ ಬಿಸಿಯಾದವು.

ಫೋನ್ ಅಷ್ಟಕ್ಕೇ ನಿಲ್ಲಲಿಲ್ಲ, ಅದರ ಕೆಳಗಿನದು ತಾನಾಗಿ ಶುರುವಾಯಿತು. ದೂಜನ ದನಿ, ಮೆಲ್ಲಗೆ, ಹಿಂದೆ ನೀರಿನ ಸಪ್ಪಳ. “ಆಯ್ತು ಶರಣಣ್ಣ, ಒಂದೂ ಬಿಡುವುದಿಲ್ಲ. ಬಿಸಿಲು ಜೋರುಂಟು, ಮಧ್ಯಾಹ್ನ ಆಯ್ತು. ನಿಮ್ಮ ಊಟ ಆಯ್ತಾ?”

ವಿನೋದಿನಿ ಮೇಡಮ್ ದೂಜನ ಕೈಯಿಂದ ಹಾಸಿಗೆಯನ್ನು ತೆಗೆದುಕೊಂಡು ಕುರ್ಚಿಯ ಮೇಲಿಟ್ಟರು. “ಒಳಗಿಡು ಹೋಗು,” ಎಂದರು.

ನಾನು ಬೇರೆ ಬ್ಯಾಟರಿಯಿಂದ ವೈರು ಎಳೆದು ಸೆಲ್ಫ್ ಹೊಡೆದೆ. ಜನರೇಟರ್ ಒಂದು ಗಂಟೆ ಓಡಿತು, ಅದರ ಮೇಲೂ ಓಡುತ್ತಲೇ ಇತ್ತು. ಏಸಿಯ ತಣ್ಣನೆ ಗಾಳಿ ಬಾಗಿಲವರೆಗೆ ಬರುತ್ತಿತ್ತು. ದೂಜ ಕೆಳಗಿಳಿದು ಬಂದು ಎಂದಿನಂತೆ ನನ್ನ ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕತೊಡಗಿದ.

ದೂಜನ ಆ ಎರಡನೆಯ ರೆಕಾರ್ಡನ್ನು ಹಿಂದಿನ ವಾರ ಕೇಳಿದ ನೆನಪೇ ನನಗಿರಲಿಲ್ಲ. ಆದರೂ, ಎಲ್ಲೋ ಒಂದು ಒಳ್ಳೆಯ ಮಾತು ಆಡಿದ್ದೆನೇನೋ ಎಂಬ ಆಸೆಯಿಂದ, ಇಂಜಿನ್ನಿನ ಸದ್ದಿಗೆ ದನಿ ಏರಿಸಿ ಕೇಳಿದೆ, “ನೀ ಊಟದ್ದು ಕೇಳಿದ್ಯಲ್ಲ ದೂಜಾ, ನಾ ಏನಂದಿದ್ದೆ ಅದಕ್ಕ?”

“ನೀವು ನನ್ನ ನಂಬರ್ ಬ್ಲಾಕ್ ಮಾಡಿದ್ರಿ ಅಣ್ಣ,” ಅಂದ ಅವನು, ಪಾನಾ ಒರೆಸುತ್ತ. “ಎರಡು ದಿನ ಬಿಟ್ಟು ನೀವೇ ತೆಗೆದ್ರಿ.”